ಮಣ್ಣಿನ ಹಕ್ಕಿಯ ಕೋವಿ

ಬಂಟ್ವಾಳದ ಸುತ್ತಮುತ್ತ ಕೋವಿ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದರು. ಕೋವಿಗೆ ಸರಿಯಾದ ಬೆಲೆ ಹೇಳಬಲ್ಲವರು ಮಾತ್ರ ಒಬ್ಬರೇ, ತಾಲೂಕು ಕಚೇರಿಯ ಗುಮಾಸ್ತ ಪ್ರಭಾಚಂದ್ರ ಅರಿಗರು. ಆ ಒಬ್ಬರು ಜೈನರಾಗಿದ್ದದ್ದು ಊರಿಗೆ ದೊಡ್ಡ ತಮಾಷೆ. ದಾರಿಯಲ್ಲಿ ಇರುವೆಯ ಸಾಲು ಕಂಡರೆ ಸುತ್ತು ಬಳಸಿ ಹೋಗುವವರು, ಗೆಡ್ಡೆ ಗೆಣಸು ಮುಟ್ಟದವರು, ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕದವರು. ಅಂಥವರ ಬಾಡಿಗೆ ಕೋಣೆಯ ಗೋಡೆಯಲ್ಲಿ ನಾಲ್ಕು ಕೋವಿಗಳು ತೂಗುತ್ತಿದ್ದವು. "ಅರಿಗರ ಕೋವಿಗೆ ಹೆದರುವುದು ಜಿರಳೆ ಮಾತ್ರ, ಅದೂ ಎಣ್ಣೆಯ ವಾಸನೆಗೆ" ಎಂದು ಕಚೇರಿಯ ಜವಾನನೂ ನಗುತ್ತಿದ್ದ. ಅರಿಗರು ಜೀವಮಾನದಲ್ಲಿ ಒಂದು ಈಡು ಹೊಡೆದವರಲ್ಲ. ತೋಟೆಯನ್ನು ಕೋಣೆಯೊಳಗೆ ತಂದವರೂ ಅಲ್ಲ.

ಈ ಹುಚ್ಚು ಹತ್ತಿದ್ದು ಕಚೇರಿಯ ದಫ್ತರದಿಂದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದಾಗ ಲೈಸೆನ್ಸಿನ ರಿಜಿಸ್ಟರು ಅವರ ಮೇಜಿಗೆ ಬಂತು. ಲೈಸೆನ್ಸು ಹೊಸತು ಮಾಡಿಸಲು ಬಂದವರು ಕೋವಿ ತೋರಿಸಬೇಕು, ಇವರು ಅದರ ಮೇಲಿನ ನಂಬರು ಓದಿ ಬರೆದುಕೊಳ್ಳಬೇಕು. ನಂಬರು ಹುಡುಕುತ್ತ ಹುಡುಕುತ್ತ ಅವರ ಕಣ್ಣು ಪಕ್ಕದ ಬಳ್ಳಿಯ ಕೆತ್ತನೆಯ ಮೇಲೆ ನಿಂತಿತು, ಹಿಡಿಯ ಮರದ ಗೆರೆಗಳ ಮೇಲೆ ನಿಂತಿತು. ಕಬ್ಬಿಣವೂ ಮರವೂ ಸೇರುವಲ್ಲಿ ಒಂದು ಕೂದಲು ಹೋಗುವಷ್ಟೂ ಸಂದಿಲ್ಲದ ಹಾಗೆ ಕೂರಿಸಿದ ಕೈ ಯಾವುದಿರಬಹುದು ಎಂದು ಅವರು ಯೋಚಿಸತೊಡಗಿದರು. ಮದರಾಸಿನ ಅಂಗಡಿಗಳ ಹಳೆಯ ಕ್ಯಾಟಲಾಗುಗಳನ್ನು ತರಿಸಿ ಓದಿದರು. ಹತ್ತು ವರ್ಷದಲ್ಲಿ ಕೋವಿಯನ್ನು ಕಿವಿಯ ಹತ್ತಿರ ಹಿಡಿದು, ತೋಟೆ ತುಂಬುವಲ್ಲಿ ಮಡಚಿ ಮುಚ್ಚಿದರೆ, ಆ ಸದ್ದಿನಲ್ಲೇ ಅದರ ವಯಸ್ಸು ಹೇಳುವಷ್ಟಾದರು.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಯಾರಿಗೂ ಹೇಳಿದವರಲ್ಲ. ಅವರು ಬೆಳೆದದ್ದು ಅಳಿಯಸಂತಾನದ ದೊಡ್ಡ ಮನೆಯಲ್ಲಿ. ಅಲ್ಲಿ ಯಜಮಾನಿಕೆ ಸೋದರಮಾವನದು. ಮಲಗುವ ಚಾಪೆಯಿಂದ ಹಿಡಿದು ಕುಡಿಯುವ ಚೊಂಬಿನವರೆಗೆ ಎಲ್ಲವೂ ಕುಟುಂಬದ್ದು, ಯಾವುದೂ ಒಬ್ಬರದಲ್ಲ. ಮೊದಲ ಕೋವಿಯನ್ನು ಕೊಂಡು ಕೋಣೆಗೆ ತಂದ ದಿನ ಅವರು ಬಾಗಿಲು ಹಾಕಿಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಇದು ನನ್ನದು ಎಂದು ಹೇಳಿಕೊಳ್ಳಲು ಆ ಮನುಷ್ಯನಿಗೆ ಸಿಕ್ಕಿದ ಮೊದಲ ವಸ್ತು ಅದು.

ಹೆಂಡತಿ ಅನಂತಮತಿ ಮೂಡಬಿದ್ರೆಯ ತನ್ನ ತಾಯಿಯ ಮನೆಯಲ್ಲೇ ಇದ್ದಳು. ತಾಯಿಗೆ ಒಬ್ಬಳೇ ಮಗಳು. ಮನೆಯ ಅಟ್ಟದಲ್ಲಿ ತೀರ್ಥಂಕರರ ಪುಟ್ಟ ಗುಡಿ, ಅದಕ್ಕೆ ದಿನದಿನದ ಪೂಜೆ. ಬಿಟ್ಟು ಬರುವ ಹಾಗಿರಲಿಲ್ಲ. ಅರಿಗರು ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಹೋಗಿ, ಸಂಜೆ ಹೊತ್ತು ಮುಳುಗುವ ಮೊದಲು ಉಂಡು ಬಂಟ್ವಾಳಕ್ಕೆ ಮರಳುತ್ತಿದ್ದರು. ಮಕ್ಕಳಾಗಲಿಲ್ಲ. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಬಸ್ಸುಗಳು ಜಾಸ್ತಿಯಾದಾಗ, ಮೂಡಬಿದ್ರೆಯಲ್ಲೇ ಇದ್ದು ದಿನಾ ಕಚೇರಿಗೆ ಹೋಗಿಬರುವ ಎಂದು ಅವರು ಮನಸ್ಸು ಮಾಡಿದರು. ಅನಂತಮತಿಯ ಮುಖ ಅರಳಿತು. ಮುಂದಿನ ಭಾನುವಾರ ಹಾಸಿಗೆಯ ಸುರುಳಿ, ಟ್ರಂಕು, ಗೋಣಿಯಲ್ಲಿ ಸುತ್ತಿದ ನಾಲ್ಕು ಕೋವಿ ಹೊತ್ತು ಅರಿಗರು ಜಗಲಿಗೆ ಬಂದರು.

ಅತ್ತೆ ತ್ರಿಶಲಮ್ಮ ಹೊಸ್ತಿಲಿಗೆ ಅಡ್ಡ ನಿಂತರು.

"ಅದು ಎಂತದು ಗೋಣಿಯಲ್ಲಿ?"

ಅರಿಗರು ಹೇಳಿದರು. ಸುಳ್ಳು ಅವರ ನಾಲಿಗೆಗೆ ಬರುತ್ತಿರಲಿಲ್ಲ.

"ಮೇಲೆ ದೇವರಿದ್ದಾನೆ. ಜೀವ ತೆಗೆದ ಕೋವಿ ಈ ಹೊಸ್ತಿಲು ದಾಟಬಾರದು. ಜೀವ ತೆಗೆಯದ ಕೋವಿ ಲೋಕದಲ್ಲಿ ಉಂಟಾದರೆ ತನ್ನಿ, ಬೇಡ ಅನ್ನುವುದಿಲ್ಲ."

ಕಾಗೆ ಬೆಳ್ಳಗಾದ ಮೇಲೆ ಬನ್ನಿ ಎನ್ನುವ ಧಾಟಿಯಲ್ಲಿ ಮುದುಕಿ ಆಡಿದ ಮಾತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬೈಗುಳ ಎಂದು ತಿಳಿದು ಕೋವಿಗಳನ್ನು ಮಾರಿ ಬರುತ್ತಿದ್ದರು, ಇಲ್ಲವೇ ಜಗಳ ಮಾಡಿ ಹೋಗುತ್ತಿದ್ದರು. ಅರಿಗರು ಗುಮಾಸ್ತರು. ಅವರಿಗೆ ಅದು ಷರತ್ತಿನಂತೆ ಕೇಳಿಸಿತು. ಷರತ್ತು ಇದ್ದಮೇಲೆ ಅದನ್ನು ಪೂರೈಸುವ ದಾರಿಯೂ ಇರಲೇಬೇಕು. ಹಾಸಿಗೆ ಸುರುಳಿ, ಟ್ರಂಕು, ಗೋಣಿ ಎಲ್ಲವನ್ನೂ ಹಾಗೇ ಹೊತ್ತು ಅವರು ಬಸ್ಸಿಗೆ ಮರಳಿದರು. ಅನಂತಮತಿ ಬಾಗಿಲ ಹಿಂದೆ ನಿಂತು ನೋಡಿದಳು. ಕೋವಿ ಬಿಟ್ಟು ನೀವೊಬ್ಬರೇ ಬನ್ನಿ ಎಂದು ಅವಳು ಹೇಳಲಿಲ್ಲ. ಅಂಥ ಮಾತನ್ನು ಗಂಡಸು ತಾನಾಗಿ ತಿಳಿಯಬೇಕು ಎಂದು ಅವಳ ಲೆಕ್ಕ ಇದ್ದಿರಬೇಕು. ಇವರು ತಿಳಿಯಲಿಲ್ಲ.

ನಾಲ್ಕು ವರ್ಷ ಹಾಗೇ ಕಳೆಯಿತು. ಐವತ್ತೆರಡರಲ್ಲಿ ಬೆಳ್ತಂಗಡಿಯ ಕಡೆಯ ಸುಧಾಕರ ಆಳ್ವರ ಮನೆಯಲ್ಲಿ ಪಾಲುಪಟ್ಟಿ ಆಯಿತು. ಅಳಿಯಸಂತಾನದ ಮನೆಗಳು ಪಾಲಾಗುತ್ತಿದ್ದ ಕಾಲ. ಪಾತ್ರೆ, ಮರ, ಕೋವಿ ಎಲ್ಲಕ್ಕೂ ಬೆಲೆ ಕಟ್ಟಬೇಕು. ಕೋವಿಗೆ ಅರಿಗರನ್ನು ಕರೆಸಿದರು. ಮೂರು ಕೋವಿಗೆ ಬೆಲೆ ಹೇಳಿ ಆಯಿತು. ಕೊನೆಗೆ ಆಳ್ವರು ನಗುತ್ತ ಒಂದು ಚರ್ಮದ ಪೆಟ್ಟಿಗೆ ತಂದಿಟ್ಟರು.

"ಇದಕ್ಕೆ ನಮ್ಮ ಮನೆಯಲ್ಲಿ 'ಹಂದಿಯ ನೆಂಟ' ಅಂತ ಹೆಸರು, ಅರಿಗರೇ. ನಮ್ಮ ಮಾವ ಪಾಣೆಮಂಗಳೂರಿನಲ್ಲಿ ಬಿಳಿ ದೊರೆಯೊಬ್ಬನ ಹರಾಜಿನಲ್ಲಿ ಹಿಡಿದದ್ದು. ಹತ್ತು ಹೆಜ್ಜೆಯಿಂದ ಹೊಡೆದ್ರೂ ಈಡು ಹಂದಿಯ ಬೆನ್ನಿನ ಮೇಲಿಂದ ಹೋಗ್ತದೆ. ಒಮ್ಮೆ ಹಂದಿ ತಿರುಗಿ ಬಂದು ಮಾವನ ತೊಡೆ ಸಿಗಿದು ಹಾಕಿತು. ಮತ್ತೆ ಯಾರೂ ಮುಟ್ಲಿಲ್ಲ. ಆಚಾರಿ ನಳಿಗೆ ಗೇಣುದ್ದ ಕತ್ತರಿಸಿ ಸರಿ ಮಾಡಿ ಕೊಡ್ತೇನೆ ಅಂತಾನೆ."

ಅರಿಗರು ಪೆಟ್ಟಿಗೆ ತೆರೆದರು. ನಳಿಗೆ ಎರಡು, ಆದರೆ ಪಕ್ಕಪಕ್ಕದಲ್ಲಿ ಅಲ್ಲ, ಮೇಲೊಂದು, ಕೆಳಗೊಂದು. ಮೇಲಿನ ನಳಿಗೆಯ ಬೆನ್ನಿಗೆ ಗಾಳಿ ಆಡಲು ಕಿಂಡಿ ಬಿಟ್ಟ ಚಪ್ಪಟೆ ಪಟ್ಟಿ. ಹಿಡಿ ಮಾಮೂಲಿಗಿಂತ ಎತ್ತರ. ಕೈತಪ್ಪಿ ಈಡು ಹಾರದ ಹಾಗೆ ತಡೆಯುವ ಗುಂಡಿ ಎಲ್ಲ ಕೋವಿಗೂ ಇರುತ್ತದೆ, ಇದಕ್ಕೆ ಇಲ್ಲ. ಕ್ಯಾಟಲಾಗಿನ ಒಂದೇ ಒಂದು ಚಿತ್ರದಲ್ಲಿ ಅವರು ಇಂಥದ್ದನ್ನು ನೋಡಿದ್ದರು.

"ಆಳ್ವರೇ, ಇದು ಬೇಟೆಯ ಕೋವಿ ಅಲ್ಲ. ಮಣ್ಣಿನ ಬಿಲ್ಲೆಯನ್ನು ಯಂತ್ರದಿಂದ ಆಕಾಶಕ್ಕೆ ಎಸೀತಾರೆ, ಮಣ್ಣಿನ ಹಕ್ಕಿ ಅಂತಾರೆ ಅದಕ್ಕೆ, ಅದನ್ನು ಹೊಡೆಯುವ ಆಟದ ಕೋವಿ. ಬಿಲ್ಲೆ ಮೇಲಕ್ಕೆ ಏರ್ತಾ ಇರ್ತದೆ. ಅದಕ್ಕೇ ಈಡು ಗುರಿಗಿಂತ ಮೇಲೆ ಹೋಗುವ ಹಾಗೆ ಮಾಡಿದ್ದು. ಇದರಲ್ಲಿ ಎಂತ ದೋಷವೂ ಇಲ್ಲ. ಕತ್ತರಿಸಬೇಡಿ."

"ಮಣ್ಣಿಗೆ ಗುಂಡು ಹೊಡೀತಾರಾ? ದೊರೆಗಳಿಗೆ ಬೇರೆ ಕೆಲಸ ಇಲ್ವಾ ಮಾರಾಯ್ರೆ?" ಎಂದು ಆಳ್ವರು ಹೊಟ್ಟೆ ಹಿಡಿದು ನಕ್ಕರು. "ಹೋಗ್ಲಿ, ಬೆಲೆ ಹೇಳಿ. ಐವತ್ತು?"

ಐವತ್ತು ಎಂದು ತಲೆಯಾಡಿಸಿದ್ದರೆ ಐವತ್ತಕ್ಕೇ ಸಿಗುತ್ತಿತ್ತು. ಅರಿಗರು ಕಣ್ಣು ಮುಚ್ಚಿಕೊಂಡು ಹೇಳಿದರು: "ಒಂಬೈನೂರು." ಆಮೇಲೆ ಹೇಳಿದರು: "ನಾನೇ ತಕ್ಕೊಳ್ತೇನೆ. ಎರಡು ತಿಂಗಳು ಸಮಯ ಕೊಡಿ."

ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡ ಬೆಲೆಗಾರ ಎಂದು ಊರೆಲ್ಲ ಆಡಿಕೊಂಡಿತು. ಅರಿಗರು ಗೋಡೆಯ ನಾಲ್ಕೂ ಕೋವಿಗಳನ್ನು ಮಾರಿದರು. ಸಾಲದ್ದಕ್ಕೆ ಕೈಯಲ್ಲಿದ್ದುದನ್ನೆಲ್ಲ ಸೇರಿಸಿದರು. ಅವರ ತಲೆಯಲ್ಲಿ ಓಡುತ್ತಿದ್ದದ್ದು ಅತ್ತೆಯ ಷರತ್ತು. ಮಣ್ಣಿಗೆ ಹೊಡೆಯಲು ಹುಟ್ಟಿದ್ದು, ಹಂದಿಗೆ ಹೊಡೆದರೆ ತಪ್ಪುವುದು. ಜೀವ ತೆಗೆಯದ ಕೋವಿ ಲೋಕದಲ್ಲಿ ಇದ್ದರೆ ಅದು ಇದೇ. ಇನ್ನು ಅದನ್ನು ರುಜುವಾತು ಮಾಡಬೇಕು, ಅಷ್ಟೇ.

ಆ ಅಷ್ಟಕ್ಕೆ ಹನ್ನೊಂದು ವರ್ಷ ಹಿಡಿಯಿತು. ಬರ್ಮಿಂಗ್‌ಹ್ಯಾಮಿನ ತಯಾರಕರಿಗೆ ಕಾಗದ ಬರೆದರು. ನಾಲ್ಕು ತಿಂಗಳಿಗೆ ಉತ್ತರ ಬಂತು. ಆ ನಮೂನೆಯಲ್ಲಿ ಮಾಡಿದ್ದು ಹನ್ನೊಂದೇ ಕೋವಿ, ಇದು ಏಳನೆಯದು, ಕೊಂಡವನು ವಿಲ್ಕಿನ್ಸ್ ಎಂಬವನು. ವಿಲ್ಕಿನ್ಸ್ ದೊರೆ ಪಾಣೆಮಂಗಳೂರಿನ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರನಾಗಿದ್ದ ಎಂದು ಹಳೆಯ ರಿಜಿಸ್ಟರಿನಲ್ಲಿ ಸಿಕ್ಕಿತು. ಇಂಗ್ಲೆಂಡಿಗೆ ಮರಳಿದ ದೊರೆ ಅಲ್ಲೇ ತೀರಿಕೊಂಡಿದ್ದ. ಆಳ್ವರ ಮಾವ ಹೊಡೆದ ಈಡು ಒಟ್ಟು ಆರು, ಆರೂ ತಪ್ಪಿದ್ದು. ಬೇಟೆಯಲ್ಲಿ ಜೊತೆಗಿದ್ದವರನ್ನು ಒಬ್ಬೊಬ್ಬರನ್ನಾಗಿ ಕಂಡು ಇದನ್ನು ಬರೆಸಿಕೊಂಡರು. ಉಳಿದದ್ದು ದೊರೆಯ ಕಾಲ. ಭಾನುವಾರ ಭಾನುವಾರ ಹೊಳೆಯ ದಂಡೆಯಲ್ಲಿ ದೊರೆಗೆ ಬಿಲ್ಲೆ ಎಸೆಯುತ್ತಿದ್ದವನು ಮುಂಡಪ್ಪ ಮೂಲ್ಯ ಎಂಬ ಕುಂಬಾರ ಎಂದು ತಿಳಿಯಿತು. ಆತ ಎಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಭಾನುವಾರಗಳಲ್ಲಿ ಮೂಡಬಿದ್ರೆಯ ಜಗಲಿಯಲ್ಲಿ ಕೂತು ಅರಿಗರು ಇದನ್ನೆಲ್ಲ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದರು. ಅವಳು ಅಕ್ಕಿ ಆರಿಸುತ್ತ ಕೇಳುತ್ತಿದ್ದಳು, ಇಲ್ಲವೇ ಕೇಳಿದ ಹಾಗೆ ಇರುತ್ತಿದ್ದಳು. ಅವಳ ಮೌನವನ್ನು ಅವರು, ರುಜುವಾತು ಇನ್ನೂ ಸಾಲದು ಎಂದು ಓದಿಕೊಂಡರು. ಐವತ್ತೇಳರಲ್ಲಿ ತ್ರಿಶಲಮ್ಮ ತೀರಿಕೊಂಡರು. ಅರಿಗರು ರಜೆ ಹಾಕಿ ಹೋಗಿ, ಎಲ್ಲ ಕೆಲಸಕ್ಕೂ ಹೆಗಲು ಕೊಟ್ಟು, ಹದಿಮೂರನೆಯ ದಿನದ ಬೊಜ್ಜದ ಊಟ ಮುಗಿಸಿ ಬಂಟ್ವಾಳಕ್ಕೆ ಬಂದರು. ಮಾರನೆಯ ದಿನವೇ ಮುಂಡಪ್ಪನನ್ನು ಹುಡುಕಲು ಮತ್ತೆ ಮೂರು ಕಾಗದ ಬರೆದರು.

ಕೋಣೆಯ ಬದುಕಿನ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ಕಚೇರಿಯಿಂದ ಬಂದು, ಬೆಳಕಿರುವಾಗಲೇ ಒಂದು ಪಾವು ಅಕ್ಕಿ ಬೇಯಿಸಿ ಉಣ್ಣುವುದು. ಆಮೇಲೆ ಪೆಟ್ಟಿಗೆ ತೆರೆದು, ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಳಿಗೆ ಒರೆಸುವುದು. ಎಣ್ಣೆ ಅಂಗಡಿಯವನು ಒಮ್ಮೆ, "ಮನೆಯಲ್ಲಿ ಹೊಲಿಗೆ ಯಾರು ಮಾಡೋದು?" ಎಂದು ಕೇಳಿದಾಗ ಅರಿಗರು ದುಡ್ಡು ಎಣಿಸಿ ಕೊಟ್ಟು ಬಂದರು. ಜ್ವರ ಬಂದರೆ ನೀರು ಕಾಯಿಸಿ ಕೊಡುವವರಿಲ್ಲ. ಒಮ್ಮೆ ಜ್ವರದಲ್ಲಿ ಮೂರು ದಿನ ಯಾರೊಡನೆಯೂ ಮಾತಾಡದೆ ಮಲಗಿದ್ದು, ನಾಲ್ಕನೆಯ ದಿನ ಎದ್ದು ತನ್ನ ದನಿ ಇದೆಯೋ ಎಂದು ನೋಡಲು ಕೋವಿಯ ನಂಬರನ್ನು ಗಟ್ಟಿಯಾಗಿ ಓದಿದ್ದರು.

ಅರುವತ್ತಮೂರರಲ್ಲಿ ಅರಿಗರಿಗೆ ಪೆನ್ಶನ್ ಆಯಿತು. ಇನ್ನು ಬಂಟ್ವಾಳದಲ್ಲಿ ಇರಲು ಕಚೇರಿಯ ನೆಪವೂ ಇಲ್ಲ. ಅದೇ ನವೆಂಬರಿನಲ್ಲಿ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಹಂಚಿನ ಕಾರ್ಖಾನೆಯ ಒಬ್ಬ ಹಳೆಯ ಕೆಲಸಗಾರ ಸಿಕ್ಕಿ, ಮಾತಿನ ನಡುವೆ, "ಮುಂಡಪ್ಪನಾ? ಅವನು ಮಿಜಾರಿನಲ್ಲಿ ಮಗಳ ಮನೆಯಲ್ಲಿ ಉಂಟಲ್ಲ" ಎಂದ. ಮಿಜಾರು ಎಂದರೆ ಮೂಡಬಿದ್ರೆಗೆ ಕೂಗಳತೆ. ಹನ್ನೊಂದು ವರ್ಷ ಎಲ್ಲೆಲ್ಲೋ ಹುಡುಕಿದ ಸಾಕ್ಷಿ ಹೆಂಡತಿಯ ಊರಿನ ಪಕ್ಕದಲ್ಲೇ ಮಡಕೆ ಒಣಗಿಸುತ್ತ ಕೂತಿದ್ದ.

ಮರುದಿನ ಬೆಳಿಗ್ಗೆಯೇ ಅರಿಗರು ಕೋವಿಯ ಪೆಟ್ಟಿಗೆ ಹಿಡಿದು ಹೊರಟರು. ಮೂಡಬಿದ್ರೆಯಲ್ಲಿ ಬಸ್ಸು ಬದಲಿಸುವಾಗ ಮನೆಯ ಕಡೆ ನೋಡಲಿಲ್ಲ. ಹೋಗುವುದಾದರೆ ಪೂರ್ತಿ ರುಜುವಾತಿನ ಜೊತೆಗೇ ಹೋಗಬೇಕು. ಮುಂಡಪ್ಪನಿಗೆ ಎಂಬತ್ತು ಹತ್ತಿರ. ಪೆಟ್ಟಿಗೆ ತೆರೆದದ್ದೇ ಕೋವಿಯನ್ನು ಗುರುತಿಸಿದ.

"ಇದೇ. ದೊರೆಯದ್ದೇ. ಬಿಲ್ಲೆ ಮಾಡ್ತಾ ಇದ್ದದ್ದು ನಾನೇ ಅರಿಗರೇ, ಹಂಚಿನ ಮಣ್ಣಿನಲ್ಲಿ. ಸುಡ್ಲಿಕ್ಕಿಲ್ಲ, ಬಿಸಿಲಿಗೆ ಒಣಗಿಸುವುದು. ಸುಟ್ರೆ ಒಡೆಯುವುದಿಲ್ಲ. ಭಾನುವಾರಕ್ಕೆ ಎರಡು ಬುಟ್ಟಿ ಬೇಕು. ಗೋಡೆಯ ಹಿಂದೆ ಕೂತು ನಾನು ಯಂತ್ರದಲ್ಲಿ ಎಸೆಯುವುದು, ದೊರೆ ಹೊಡೆಯುವುದು. ಹೊಳೆಯ ಮೇಲೆ ಮಣ್ಣು ಪುಡಿಪುಡಿ ಆಗಿ ಬೀಳ್ತಿತ್ತು."

"ಬರೇ ಬಿಲ್ಲೆಯಾ? ಬೇರೆ ಯಾವುದಕ್ಕೂ ಹೊಡೀಲಿಲ್ಲ ಅಲ್ವಾ?" ಅರಿಗರು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದರು.

ಮುದುಕ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಹೊಡೀಲಿಲ್ಲ. ಆದ್ರೆ ಒಮ್ಮೆ ಒಂದು ಬೆಳ್ಳಕ್ಕಿ ಅಡ್ಡ ಬಂತು. ಬಿಲ್ಲೆ ಎಸೆದದ್ದು ನಾನು. ದೊರೆ ಆಗ್ಲೇ ಒತ್ತಿ ಆಗಿತ್ತು. ಹೊಳೆದಂಡೆಯ ಹೊಯಿಗೆಯ ಮೇಲೆ ಬಿತ್ತು ಅದು. ನಾನು ಓಡಿ ಹೋಗಿ ಎತ್ತಿದೆ."

"ಬದುಕಿತಾ?"

"ನನ್ನ ಕೈಯಲ್ಲೇ ಹೋಯ್ತು. ದೊರೆ ಮೂರು ತಿಂಗಳು ಕೋವಿ ಮುಟ್ಲಿಲ್ಲ." ಮುಂಡಪ್ಪ ಅರಿಗರ ಮುಖ ನೋಡಿ ಗಾಬರಿಯಾದ. "ಒಂದು ಹಕ್ಕಿ, ಅರಿಗರೇ. ಬರ್ಕೊಳ್ಬೇಡಿ. ನಾನು ಯಾರಿಗೂ ಹೇಳ್ಲಿಲ್ಲ, ಹೇಳುವುದೂ ಇಲ್ಲ."

ಅರಿಗರು ಪೆನ್ನಿಗೆ ಮುಚ್ಚಳ ಹಾಕಿದರು. ಕಂಡ ದೋಷವನ್ನು ಮುಚ್ಚಿಟ್ಟು ಬೆಲೆ ಹೇಳಿದ್ದು ಅವರ ಬದುಕಿನಲ್ಲಿ ಇಲ್ಲ. ಮಿಜಾರಿನಿಂದ ಮೂಡಬಿದ್ರೆಗೆ ಅವರು ಬಸ್ಸು ಹತ್ತಲಿಲ್ಲ. ಪೆಟ್ಟಿಗೆ ಹೊತ್ತು ನಡೆದೇ ಹೋದರು. ಅಳು ಬಂತು, ದಾರಿಯಲ್ಲಿ ಯಾರೂ ಇಲ್ಲದ್ದರಿಂದ ಅತ್ತರು. ಒಂದು ಹಕ್ಕಿ ಸತ್ತು ಮೂವತ್ತೈದು ವರ್ಷದ ಮೇಲೆ ತನ್ನ ಮನೆಯನ್ನು ಕಸಿದುಕೊಂಡಿತು ಎಂದು ಅವರಿಗೆ ಅನಿಸಿತು. ಹಕ್ಕಿಯ ಮೇಲೆ ಸಿಟ್ಟು ಬಂದದ್ದಕ್ಕೆ ಮತ್ತೆ ನಾಚಿಕೆಯೂ ಆಯಿತು.

ಅನಂತಮತಿ ಬಾವಿಕಟ್ಟೆಯಲ್ಲಿ ನೀರು ಸೋಸುತ್ತಿದ್ದಳು. ಸೋಸಿದ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು, ಬಟ್ಟೆಯನ್ನು ತೊಳೆದ ನೀರನ್ನು ತಿರುಗಿ ಬಾವಿಗೇ ಬಿಟ್ಟು ಬಂದಳು. ಗಂಡ ಭಾನುವಾರವಲ್ಲದ ದಿನ ಬಂದದ್ದು ನೋಡಿ ಅವಳಿಗೆ ಆಶ್ಚರ್ಯ. ಅರಿಗರು ಪೆಟ್ಟಿಗೆಯನ್ನು ಹೊಸ್ತಿಲಿನಿಂದ ದೂರ, ಜಗಲಿಯ ತುದಿಯಲ್ಲಿಟ್ಟರು. ನಿಂತುಕೊಂಡೇ ಮುಂಡಪ್ಪನ ಮಾತನ್ನೆಲ್ಲ ಹೇಳಿದರು, ಬೆಳ್ಳಕ್ಕಿಯದ್ದನ್ನೂ ಹೇಳಿದರು.

"ಒಂದು ಜೀವ ಹೋಗಿದೆ. ಇದು ಒಳಗೆ ಬರುವ ಹಾಗಿಲ್ಲ" ಎಂದರು.

ಅನಂತಮತಿ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಇದನ್ನು ಯಾರಿಗೆ ಹೇಳ್ಲಿಕ್ಕೆ ಬಂದದ್ದು ನೀವು?"

"ಅತ್ತೆಯವರು ಹೇಳಿದ್ದರಲ್ಲ..."

"ಅಮ್ಮ ಹೋಗಿ ಆರು ವರ್ಷ ಆಯ್ತು."

"ಗೊತ್ತುಂಟು."

"ಬೊಜ್ಜದ ದಿನ ಊಟ ಮಾಡಿ ಎದ್ದು, ಬರ್ತೇನೆ ಅಂದ್ರಿ. ನಿಮ್ಮ ಕೊಡೆ ತರ್ಲಿಕ್ಕೆ ನಾನು ಒಳಗೆ ಹೋದೆ. ಕೊಡೆ ಬಾಗಿಲ ಹತ್ತಿರವೇ ಇತ್ತು. ಆದ್ರೂ ತಡ ಮಾಡಿದೆ. ಇನ್ನು ಇಲ್ಲೇ ಇರ್ತೇನೆ ಅಂತ ನೀವು ಹೇಳ್ತೀರೋ ಏನೋ ಅಂತ ಒಳಗೆ ನಿಂತೇ ಇದ್ದೆ. ನೀವು, ಬಸ್ಸಿಗೆ ಹೊತ್ತಾಯ್ತು ಅಂತ ಕರೆದ್ರಿ."

ಅರಿಗರಿಗೆ ಆ ದಿನ ನೆನಪಾಯಿತು. ಬಸ್ಸಿಗೆ ಹೊತ್ತಾದದ್ದೂ ನಿಜವೇ.

"ಕೋವಿಯದ್ದು ಅಮ್ಮನ ಮಾತು" ಅನಂತಮತಿ ಹೇಳಿದಳು. "ನಮ್ಮ ಗದ್ದೆಯ ನೇಗಿಲು ವರ್ಷಕ್ಕೆ ಎಷ್ಟು ಹುಳ ಕೊಲ್ತದೆ, ಅದು ಕೊಟ್ಟಿಗೆಯಲ್ಲಿ ಇಲ್ವಾ? ನನಗೆ ಎಂತ ಬೇಕು ಅಂತ ನೀವು ಕೇಳಿದ್ದೇ ಇಲ್ಲ. ಇಂಗ್ಲೆಂಡಿಗೆಲ್ಲ ಕಾಗದ ಬರೆದ್ರಿ."

ಅರಿಗರು ಜಗಲಿಯಲ್ಲಿ ಕೂತರು. ಹನ್ನೊಂದು ವರ್ಷ ಅವರು ವಾದ ಸಿದ್ಧಪಡಿಸಿದ್ದರು. ತೀರ್ಪು ಕೊಡಬೇಕಾದವರು ಆರು ವರ್ಷದ ಹಿಂದೆಯೇ ಎದ್ದು ಹೋಗಿದ್ದರು, ಎದುರಿಗೆ ಇದ್ದವಳು ಬಾಗಿಲು ತೆರೆದುಕೊಂಡು ಕೂತಿದ್ದಳು.

"ಅಮ್ಮ ಹೋದ ಮೇಲೆ ನಿಮಗೆ ಅಂತ ಪಡುಕೋಣೆ ಗುಡಿಸಿ ಇಟ್ಟಿದ್ದೆ" ಎಂದಳು ಅವಳು. "ಎರಡು ವರ್ಷ ಹಾಗೇ ಇತ್ತು. ಮತ್ತೆ ಭತ್ತ ತುಂಬಿಸಿದೆ. ಒಬ್ಬಳೇ ಇರುವುದು ಮೊದಮೊದಲು ಕಷ್ಟ ಆದದ್ದು. ಈಗ ಅಭ್ಯಾಸ ಆಗಿದೆ. ಈಗ ಮನೆಯಲ್ಲಿ ಇನ್ನೊಬ್ಬರು ಕೆಮ್ಮಿದ್ರೆ ನನಗೆ ನಿದ್ರೆ ಬರ್ಲಿಕ್ಕಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅವರಿಗೆ ಹೆಚ್ಚು ನೋವಾದದ್ದು ಅದರಿಂದಲೇ. ಗಂಡನ ಮುಖ ನೋಡಿ ಅವಳಿಗೆ ಕನಿಕರ ಆಗಿರಬೇಕು. ಪೆಟ್ಟಿಗೆಯ ಕಡೆ ಕೈ ತೋರಿಸಿ ಹೇಳಿದಳು:

"ಇದನ್ನು ಬೇಕಾದ್ರೆ ಇಲ್ಲಿ ಬಿಟ್ಟು ಹೋಗಿ. ಬಂಟ್ವಾಳದ ಆ ಕೋಣೆಯಲ್ಲಿ ಭದ್ರ ಇಲ್ಲ ಅಂತ ಯಾವಾಗ್ಲೂ ಹೇಳ್ತೀರಲ್ಲ. ಅಮ್ಮನ ದೊಡ್ಡ ಕಪಾಟು ಖಾಲಿ ಉಂಟು."

ಅರಿಗರು ತಲೆ ಎತ್ತಿದರು.

"ಲೈಸೆನ್ಸು ನನ್ನ ಹೆಸರಿನಲ್ಲಿ ಉಂಟು" ಎಂದರು. "ಕೋವಿ ಎಲ್ಲಿ ಇರ್ತದೋ ಅಲ್ಲಿ ಲೈಸೆನ್ಸಿನವನೂ ಇರ್ಬೇಕು. ಕಾನೂನು ಹಾಗೆ ಉಂಟು."

ಮೂವತ್ತು ವರ್ಷ ಮೇಜಿನ ಹಿಂದೆ ಕೂತು ಬಂದವರಿಗೆಲ್ಲ ಹೇಳಿದ ಮಾತು ಅದು. ನಾನು ಇಲ್ಲಿ ಇರಲೇ ಎಂದು ಹೆಂಡತಿಯನ್ನು ಕೇಳಲು ಆ ಮನುಷ್ಯನಿಗೆ ಬೇರೆ ಮಾತು ಬರುತ್ತಿರಲಿಲ್ಲ. ಅನಂತಮತಿಗೆ ಅದು ಅರ್ಥವಾಯಿತು. ಅವಳ ಕಣ್ಣು ತುಂಬಿ ಬಂತು.

"ಹಾಗಾದ್ರೆ ತಕ್ಕೊಂಡು ಹೋಗಿ" ಎಂದಳು.

ಹೊತ್ತು ಮುಳುಗಲು ಇನ್ನೂ ಸಮಯ ಇತ್ತು. ಅವಳು ಒಳಗೆ ಹೋಗಿ ಅಡುಗೆ ಮಾಡಿದಳು. ಚಾವಡಿಯಲ್ಲಿ, ಬಂದುಹೋಗುವವರಿಗೆ ಹಾಕುವ ಜಾಗದಲ್ಲಿ, ಎಲೆ ಹಾಕಿ ಬಡಿಸಿದಳು. ಇನ್ನೊಮ್ಮೆ ಅನ್ನ ಬೇಕಾ ಎಂದು ಕೇಳಿದಳು. ಅರಿಗರು ಸಾಕು ಎಂದರು. ಕೈತೊಳೆದು ಬಂದು ಪೆಟ್ಟಿಗೆಯನ್ನು ಎತ್ತಿಕೊಂಡು ಐದೂಮುಕ್ಕಾಲರ ಬಸ್ಸಿಗೆ ನಡೆದರು.